ಬಿಸ್ಕತ್ತಿನ ಡಬ್ಬಿ

ನಮ್ಮ ಅಡುಗೆಮನೆಯ ಗೂಡಿನಲ್ಲೊಂದು ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಬಿಸ್ಕತ್ತು ಇದ್ದದ್ದನ್ನು ಮದುವೆಯಾಗಿ ಬಂದಂದಿನಿಂದ ನಾನಂತೂ ಕಂಡಿಲ್ಲ. ಇದ್ದದ್ದೆಲ್ಲ ಮಾತ್ರೆ. ಮಗನ ಗಂಟಲುನೋವು ವಾಸಿಯಾದ ಮೇಲೆ ಮಿಕ್ಕ ಮೂರು, ನಮ್ಮವರ ಹಲ್ಲುನೋವಿನ ಅರ್ಧ ಸ್ಟ್ರಿಪ್, ಹೀಗೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದುಂಟೆ?

ಈ ಡಬ್ಬಿಯಿಂದ ಆಲ್ಕೊಳದ ನಮ್ಮ ಬೀದಿಯಲ್ಲಿ ನನಗೆ ಸಣ್ಣ ಹೆಸರೂ ಇತ್ತು. ಪಕ್ಕದ ಮನೆಯವರಿಗೆ ಶೀತವಾದರೂ ನನ್ನದೇ ಆಂಟಿಬಯಾಟಿಕ್. ಶೀತ ಬರುವುದು ವೈರಸ್ಸಿನಿಂದ, ಅದಕ್ಕೆ ಈ ಮಾತ್ರೆ ತಾಗುವುದೇ ಇಲ್ಲ ಎಂದು ಆಗ ಯಾರಿಗೆ ಗೊತ್ತು? ಶೀತ ನಾಲ್ಕು ದಿನಕ್ಕೆ ತಾನಾಗಿ ಹೋಗುತ್ತಿತ್ತು, ಹೆಸರು ನನಗೆ ಬರುತ್ತಿತ್ತು.

ಅತ್ತೆಯವರಿಗೆ ಉರಿಮೂತ್ರ ಆಗಾಗ ಕಾಡುತ್ತಿತ್ತು. "ಇದನ್ನೆಲ್ಲ ಡಾಕ್ಟ್ರ ಹತ್ರ ಹೇಳೋಕೆ ನಾಚಿಕೆ ಕಣೇ, ಹೋದ ಸಲದ್ದೇ ಕೊಡು" ಎನ್ನುತ್ತಿದ್ದರು. ಕೊಡುತ್ತಿದ್ದೆ. ಎರಡು ದಿನಕ್ಕೆ ಉರಿ ಇಳಿದರೆ ಉಳಿದದ್ದು ಮತ್ತೆ ಡಬ್ಬಿಗೆ. ಮುಗಿದರೆ ಖಾಲಿ ಸ್ಟ್ರಿಪ್ ತೋರಿಸಿದರಾಯಿತು, ಅಂಗಡಿಯವನು ಚೀಟಿ ಕೇಳುತ್ತಿರಲಿಲ್ಲ. ಸ್ಟ್ರಿಪ್ಪಿನ ಮೇಲೊಂದು ಕೆಂಪು ಗೆರೆ ಇರುತ್ತದಲ್ಲ, ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ ಎಂಬ ಗುರುತು ಅದು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದರ ಬಗ್ಗೆ ಪ್ರಚಾರವನ್ನೂ ಮಾಡಿತು. ನಾನು ಅದನ್ನು ಸೀರೆಯ ಅಂಚಿನಂತೆ ಅಲಂಕಾರವೆಂದುಕೊಂಡಿದ್ದೆ.

ಒಂದು ಮಳೆಗಾಲ ಅವರಿಗೆ ಚಳಿನಡುಕ ಹಿಡಿಯಿತು. ಡಬ್ಬಿಯ ಮಾತ್ರೆ ನಾಟಲಿಲ್ಲ. ಮೂರನೆಯ ದಿನ ನನ್ನನ್ನು ಸತ್ತುಹೋದ ತಂಗಿಯ ಹೆಸರು ಹಿಡಿದು ಕರೆದಾಗ ಕೈಕಾಲು ತಣ್ಣಗಾಯಿತು.

ಆಸ್ಪತ್ರೆಯಲ್ಲಿ ಮೂತ್ರವನ್ನು ಕಲ್ಚರಿಗೆ ಕಳಿಸಿದರು. ರಿಪೋರ್ಟಿನಲ್ಲಿ ಔಷಧಿಗಳ ಉದ್ದನೆಯ ಪಟ್ಟಿ, ಎದುರಿಗೆ ಒಂದೊಂದು ಅಕ್ಷರ. ಎಸ್ ಎಂದರೆ ಕ್ರಿಮಿ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ. ಮೇಲಿನಿಂದ ಓದುತ್ತ ಬಂದೆ. ಆರ್, ಆರ್, ಆರ್. ನನ್ನ ಡಬ್ಬಿಯಲ್ಲಿದ್ದ ಹೆಸರುಗಳಿಗೆಲ್ಲ ಆರ್. ಕೊನೆಯಲ್ಲಿ ಎರಡು ಎಸ್, ಅವೂ ಡ್ರಿಪ್ಪಿನಲ್ಲಿ ಕೊಡುವಂಥವು. ಡಾಕ್ಟರು ಬೈಯಲಿಲ್ಲ. "ಬಡಕಲು ಕ್ರಿಮಿಗಳು ಸಾಯುತ್ತವೆ ತಾಯಿ, ಗಟ್ಟಿಪಿಂಡಗಳು ಉಳಿದು ಸಂಸಾರ ಬೆಳೆಸುತ್ತವೆ" ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು.

ಬೆಂಗಳೂರಿನಲ್ಲಿ ಮೈಕ್ರೋಬಯಾಲಜಿ ಓದುವ ತಂಗಿಯ ಮಗಳು ರಾತ್ರಿ ಜೊತೆಗಿದ್ದಳು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ತನ್ನ ನೊಬೆಲ್ ಭಾಷಣದಲ್ಲೇ ಒಂದು ಕತೆ ಹೇಳಿದ್ದನಂತೆ. ಒಬ್ಬ ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ, ಕ್ರಿಮಿ ಪಳಗುತ್ತದೆ, ಅದು ಹೆಂಡತಿಗೆ ಅಂಟುತ್ತದೆ, ಔಷಧಿ ನಾಟದೆ ಅವಳು ಸಾಯುತ್ತಾಳೆ. ಕತೆಯಲ್ಲೂ ಸಾಯುವವಳು ಹೆಂಡತಿಯೇ ನೋಡಿ!

"ಹೊಸದು ಕಂಡುಹಿಡಿಯಬಾರದೇನೇ?" ಎಂದೆ.

"ಯಾರು ದುಡ್ಡು ಹಾಕ್ತಾರೆ ದೊಡ್ಡಮ್ಮ?" ಎಂದಳು. ಬಿ.ಪಿ. ಮಾತ್ರೆಯನ್ನು ಜನ ಬದುಕಿರುವವರೆಗೂ ನುಂಗುತ್ತಾರೆ. ಇದು ಏಳೆಂಟು ದಿನದ ಬಾಬತ್ತು. ಮೇಲಾಗಿ ಹೊಸದು ಬಂದರೆ ಅದನ್ನು ರೇಷ್ಮೆ ಸೀರೆಯಂತೆ ಬೀರುವಿನಲ್ಲೇ ಕಾಪಾಡಬೇಕು, ದಿನಾ ಉಟ್ಟರೆ ಹರಿಯುತ್ತದೆ. ಉಡದ ಸೀರೆ ನೇಯ್ದವನ ಹೊಟ್ಟೆ ತುಂಬುವುದು ಹೇಗೆ? ಅಮೆರಿಕದ ಅಕಾವೊಜೆನ್ ಕಂಪನಿಯ ಹೊಸ ಆಂಟಿಬಯಾಟಿಕ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಕಂಪನಿಯೇ ದಿವಾಳಿ. ಬೆಂಗಳೂರಿನಲ್ಲೂ ಆಸ್ಟ್ರಾಜೆನೆಕಾದವರು 2014ರಲ್ಲಿ ತಮ್ಮ ಸಂಶೋಧನಾ ಕೇಂದ್ರ ಮುಚ್ಚುವುದಾಗಿ ಹೇಳಿದರು. ಅಲ್ಲಿದ್ದ ಕೆಲವು ವಿಜ್ಞಾನಿಗಳು ಸೇರಿ ಬಗ್‌ವರ್ಕ್ಸ್ ಎಂಬ ಪುಟ್ಟ ಕಂಪನಿ ಕಟ್ಟಿ ಹೊಸ ಔಷಧಿಗೆ ದುಡಿಯತೊಡಗಿದರು. ಹತ್ತು ವರ್ಷ ದಾಟಿದರೂ ಅದು ಅಂಗಡಿಗೆ ಬಂದಿಲ್ಲ.

ಅತ್ತೆ ಎಂಟನೆಯ ದಿನ ಮನೆಗೆ ಬಂದರು. ಬಂದವರೇ ಗೂಡು ನೋಡಿ "ಡಬ್ಬಿ ಎಲ್ಲೇ?" ಎಂದರು. ತೊಳೆದು ಚಕ್ಕುಲಿ ತುಂಬಿದ್ದೆ. ಪಕ್ಕದ ಮನೆಯವರು ಈಗ ಶೀತವೆಂದು ಬಂದರೆ ಶುಂಠಿ ಕಷಾಯ ಕೊಡುತ್ತೇನೆ, ಮುಖ ಸಿಂಡರಿಸಿಕೊಂಡು ಕುಡಿಯುತ್ತಾರೆ.

ಕಾರ್ತೀಕದಲ್ಲಿ ಅತ್ತೆಗೆ ಮತ್ತೆ ಉರಿ ಶುರುವಾಯಿತು. ನಾಚಿಕೆ ಎನ್ನದೆ ಮೊದಲ ದಿನವೇ ಹೊರಟುನಿಂತರು. ಹೊಸ ರಿಪೋರ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದೆ. ಈ ಸಲ ಎಸ್ ಒಂದೇ.