ಕಡಲ ನೆರೆಯಲ್ಲಿ ಚಕ್ರದ ಮನೆ

'ನಿವೃತ್ತಿ' ಎಂದರೆ ಹಿಂದಿರುಗುವುದು, ತೊಡಗಿದ ಕಾರ್ಯದಿಂದ ಬಿಡಿಸಿಕೊಳ್ಳುವುದು. ಅದಕ್ಕೆ ಎದುರಾದ ಪದ 'ಪ್ರವೃತ್ತಿ'. ನಿವೃತ್ತರೆಂದೊಡನೆ ನಮ್ಮ ಕಣ್ಣ ಮುಂದೆ ಎರಡು ಚಿತ್ರಗಳು ಮೂಡುತ್ತವೆ. ಒಂದು, ಜಗಲಿಯ ಆರಾಮಕುರ್ಚಿಯಲ್ಲಿ ದಿನಪತ್ರಿಕೆ ಹಿಡಿದು ಕುಳಿತವರದು. ಇನ್ನೊಂದು, ಮೊಮ್ಮಕ್ಕಳ ಶಾಲೆಯ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ಕಾಯುತ್ತಿರುವವರದು. ಎರಡೂ ಗೌರವದ ಚಿತ್ರಗಳೇ. ಆದರೆ ಮೈಯಲ್ಲಿ ಇನ್ನೂ ಸ್ವಲ್ಪ ತ್ರಾಣ, ಮನಸ್ಸಿನಲ್ಲಿ ಇನ್ನೂ ಸ್ವಲ್ಪ ಕುತೂಹಲ ಉಳಿದಿರುವವರಿಗೆ ಮೂರನೆಯದೊಂದು ದಾರಿಯೂ ಇದೆ. ಕಳೆದ ಕೆಲವು ವರ್ಷಗಳಿಂದ ನಾನೂ ನನ್ನ ಪತ್ನಿಯೂ ಆ ದಾರಿಯಲ್ಲಿ ನಡೆಯುತ್ತಿದ್ದೇವೆ. ಅದರ ವಿವರವನ್ನು ಊರಿನ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಾನು ಉಡುಪಿ ಸಮೀಪದ ಕಾಪುವಿನವನು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕಕ್ಕೆ ಬಂದು, ಇಲ್ಲಿಯ ಪಶ್ಚಿಮ ತೀರದ ಒರೆಗಾನ್ ರಾಜ್ಯದಲ್ಲಿ ಸೇತುವೆ-ರಸ್ತೆಗಳ ಎಂಜಿನಿಯರ್ ಆಗಿ ದುಡಿದೆ. ನನ್ನ ಪತ್ನಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಮಕ್ಕಳು ಅವರವರ ಬದುಕು ಕಟ್ಟಿಕೊಂಡ ಮೇಲೆ ನಾಲ್ಕು ಕೋಣೆಗಳ ಮನೆ ನಮಗೆ ದೊಡ್ಡದಾಯಿತು. ಅದನ್ನು ಮಾರಿ, ಇಲ್ಲಿಯ ಜನರು 'ಆರ್.ವಿ.' ಎಂದು ಕರೆಯುವ ಮನೆವಾಹನವೊಂದನ್ನು ಕೊಂಡೆವು. ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯಬಹುದಾದ, ಇಪ್ಪತ್ತೈದು ಅಡಿ ಉದ್ದ, ಎಂಟು ಅಡಿ ಅಗಲದ ಮನೆ ಅದು. ಒಂದು ಮಂಚ, ಎರಡು ಉರಿಯ ಅಡಿಗೆ ಒಲೆ, ಊಟದ ಮೇಜು, ಕಿರಿದಾದ ಸ್ನಾನದ ಮನೆ. ನೆಲದಡಿಯಲ್ಲಿ ಮೂರು ತೊಟ್ಟಿಗಳು: ಕುಡಿಯುವ ನೀರಿಗೊಂದು, ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೊಂದು, ಶೌಚಕ್ಕೊಂದು. ಮನೆಯಲ್ಲಿ ಎಷ್ಟು ನೀರು ಬಂದು ಎಷ್ಟು ಹೋಗುತ್ತದೆ ಎಂಬುದನ್ನು ಪ್ರತಿದಿನ ನೋಡಿ ತಿಳಿಯುವ ಈ ಬದುಕಿನಲ್ಲಿ ಮಿತವ್ಯಯವನ್ನು ಯಾರೂ ಬೋಧಿಸಬೇಕಾಗಿಲ್ಲ.

ಒರೆಗಾನ್‌ನ ಕಡಲತೀರ ಸುಮಾರು 580 ಕಿಲೋಮೀಟರ್ ಉದ್ದವಿದೆ. ಅದರ ಉದ್ದಕ್ಕೂ ರಾಜ್ಯ ಸರ್ಕಾರದ ಉದ್ಯಾನಗಳಿವೆ. ಅನೇಕ ಉದ್ಯಾನಗಳಲ್ಲಿ ಮನೆವಾಹನಗಳು ಬಂದು ತಂಗಲು ವಿದ್ಯುತ್ತು ಮತ್ತು ನೀರಿನ ಸೌಕರ್ಯವುಳ್ಳ ನಿವೇಶನಗಳಿವೆ. ಇವುಗಳನ್ನು ನೋಡಿಕೊಳ್ಳಲು ಸಂಬಳದ ಸಿಬ್ಬಂದಿ ಸಾಲದು. ಆದ್ದರಿಂದ ಸ್ವಯಂಸೇವಕ ಆತಿಥೇಯರನ್ನು ಕರೆಯುತ್ತಾರೆ. ಅವರು ಕನಿಷ್ಠ ಒಂದು ತಿಂಗಳು ಇರಬೇಕು. ವಾರಕ್ಕೆ ನಿಗದಿಪಡಿಸಿದ ಗಂಟೆಗಳಷ್ಟು ಕೆಲಸ ಮಾಡಬೇಕು. ಸಂಬಳವಿಲ್ಲ, ನಿವೇಶನಕ್ಕೆ ಬಾಡಿಗೆಯೂ ಇಲ್ಲ. ಇಷ್ಟೇ ಕರಾರು. ನಾವು ಹೆಚ್ಚು ಕಾಲ ಕಳೆದದ್ದು ಬ್ಯಾಂಡನ್ ಪಟ್ಟಣದ ಬಳಿಯ ಬುಲರ್ಡ್ಸ್ ಬೀಚ್ ಉದ್ಯಾನದಲ್ಲಿ. ಕೊಕ್ವಿಲ್ ಎಂಬ ನದಿ ಅಲ್ಲಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಅಳಿವೆಯ ಒಂದು ದಡದಲ್ಲಿ ಪಟ್ಟಣ, ಇನ್ನೊಂದು ದಡದಲ್ಲಿ ಉದ್ಯಾನ. ಹೊಳೆ ಕಡಲನ್ನು ಕೂಡುವ ಜಾಗದಲ್ಲಿ ಹುಟ್ಟಿ ಬೆಳೆದವರಿಗೆ ಆ ಉಪ್ಪು-ಕೆಸರಿನ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ನಮ್ಮ ದಿನಚರಿ ಸರಳ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಶಿಬಿರದಲ್ಲಿ ಮೌನದ ವೇಳೆ. ಅದು ಮುಗಿಯುವುದರೊಳಗೆ ನಾವು ಚಹಾ ಕುಡಿದು ಸಿದ್ಧರಾಗಿರುತ್ತೇವೆ. ಅತಿಥಿಗಳು ಹೊರಟುಹೋದ ನಿವೇಶನಗಳಿಗೆ ಸಲಿಕೆ, ಬಕೀಟು, ನೀರಿನ ಕ್ಯಾನು ತೆಗೆದುಕೊಂಡು ಹೋಗುತ್ತೇವೆ. ಪ್ರತಿ ನಿವೇಶನದಲ್ಲಿ ಬೆಂಕಿ ಕಾಯಿಸಲು ಕಬ್ಬಿಣದ ಬಳೆಯೊಂದನ್ನು ನೆಲದಲ್ಲಿ ಹೂತಿರುತ್ತಾರೆ. ಅದರೊಳಗಿನ ಬೂದಿಯ ಮೇಲೆ ಅಂಗೈಯ ಹಿಂಬದಿಯನ್ನು ಹಿಡಿದು ಕಾವು ನೋಡಬೇಕು. ಕಾವಿದ್ದರೆ ನೀರು ಸುರಿದು ಕಲಕಬೇಕು. ತಣ್ಣಗಾದ ಮೇಲೆ ಗೋರಿ ತೆಗೆಯಬೇಕು. ಬೂದಿಯೊಳಗೆ ಬಾಟಲಿಯ ಮುಚ್ಚಳ, ಮೊಳೆ, ಕರಗಿದ ಪ್ಲಾಸ್ಟಿಕ್ ಎಲ್ಲವೂ ಸಿಗುತ್ತವೆ. ಮಧ್ಯಾಹ್ನದ ನಂತರ ಹೊಸಬರು ಬರುತ್ತಾರೆ. ಅವರಿಗೆ ದಾರಿ ತೋರಿಸುವುದು, ಸೌದೆಯ ಕಟ್ಟು ಮಾರುವುದು, ಕೇಳಿದ್ದಕ್ಕೆ ಉತ್ತರಿಸುವುದು ನಮ್ಮ ಕೆಲಸ. ದೂರದಿಂದ ಸೌದೆ ತರಬೇಡಿ ಎಂದು ಎಲ್ಲರಿಗೂ ಹೇಳುತ್ತೇವೆ. ಸೌದೆಯೊಳಗೆ ಅಡಗಿ ಬರುವ ಕೀಟಗಳು ಕಾಡನ್ನೇ ಕೊಲ್ಲಬಲ್ಲವು. ಆ್ಯಶ್ ಮರಗಳನ್ನು ಕೊರೆದು ಒಣಗಿಸುವ ಹಸಿರು ಜೀರುಂಡೆಯೊಂದು 2022ರಲ್ಲಿ ಒರೆಗಾನ್‌ನಲ್ಲೂ ಪತ್ತೆಯಾಯಿತು.

ಕಾಪುವಿನಲ್ಲಿರುವ ನನ್ನ ಅಣ್ಣನಿಗೆ ಈ ವಿವರವೆಲ್ಲ ಫೋನಿನಲ್ಲಿ ತಲುಪಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಕೇಳಿದರು: "ಅಷ್ಟು ಓದಿ, ಅಷ್ಟು ದೊಡ್ಡ ಕೆಲಸದಲ್ಲಿದ್ದು, ಕೊನೆಗೆ ಯಾರೋ ಉರಿಸಿದ ಬೂದಿ ಬಾಚುವ ಗತಿ ನಿನಗೆ ಯಾಕಪ್ಪಾ ಬಂತು? ಪಿಂಚಣಿ ಸಾಲದಿದ್ದರೆ ಹೇಳು."

ಅಣ್ಣನ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೂ ಆ ಪ್ರಶ್ನೆ ನಮ್ಮ ನಾಡಿನ ಒಂದು ಹಳೆಯ ನಂಬಿಕೆಯಿಂದ ಹುಟ್ಟಿದ್ದು. ಕೆಲಸಗಳಲ್ಲಿ ಮೇಲು-ಕೀಳು ಇದೆ, ಓದಿದವರು ಕಸ ಮುಟ್ಟಬಾರದು, ಅದಕ್ಕೆ ಬೇರೆ ಜನರಿದ್ದಾರೆ ಎಂಬ ನಂಬಿಕೆ ಅದು. "ಅಣ್ಣ, ಪಿಂಚಣಿ ಸಾಕಾಗುತ್ತದೆ. ಅಮ್ಮ ದಿನಾ ಬೆಳಿಗ್ಗೆ ಒಲೆಯ ಬೂದಿ ತೆಗೆಯುತ್ತಿದ್ದರಲ್ಲ, ಅದನ್ನು ಗತಿ ಎಂದು ನಾವು ಯಾರೂ ಹೇಳಲಿಲ್ಲ" ಎಂದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮನೆವಾಹನದಲ್ಲಿ ಬದುಕುವ ಎಲ್ಲ ವೃದ್ಧರೂ ಅದನ್ನು ತಾವಾಗಿ ಆರಿಸಿಕೊಂಡವರಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆಯನ್ನೂ ಉಳಿತಾಯವನ್ನೂ ಕಳೆದುಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಊರೂರು ಅಲೆದು ಗೋದಾಮುಗಳಲ್ಲಿ, ಶಿಬಿರಗಳಲ್ಲಿ ಕೂಲಿಗೆ ದುಡಿಯುವವರ ಕಥೆಯನ್ನು ಜೆಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕದಲ್ಲಿ ಬರೆದರು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು. ಇಷ್ಟಪಟ್ಟು ಸಲಿಕೆ ಹಿಡಿಯುವವನೂ ಬೇರೆ ದಾರಿಯಿಲ್ಲದೆ ಹಿಡಿಯುವವನೂ ಒಂದೇ ಅಲ್ಲ. ನಮ್ಮ ನೆಮ್ಮದಿಯನ್ನು ಹೇಳಿಕೊಳ್ಳುವಾಗ ಆ ಎರಡನೆಯವರನ್ನು ಮರೆಯಲಾಗದು. ಶಿಬಿರದ ಆತಿಥೇಯರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಲಾರಿ ಓಡಿಸುತ್ತಿದ್ದವರು, ಬ್ಯಾಂಕಿನ ಅಧಿಕಾರಿಯಾಗಿದ್ದವರು ಎಲ್ಲರೂ ಇದ್ದರು. ಹಿಂದೆ ಏನಾಗಿದ್ದಿರಿ ಎಂಬ ಪ್ರಶ್ನೆ ಅಲ್ಲಿ ಬಹಳ ತಡವಾಗಿ, ಕೆಲವೊಮ್ಮೆ ಬಾರದೆಯೇ ಹೋಗುತ್ತಿತ್ತು.

ಈ ಕಡಲತೀರಕ್ಕೆ ಒಂದು ವಿಶೇಷವಿದೆ. ಇದು ಯಾರೊಬ್ಬರ ಸೊತ್ತೂ ಅಲ್ಲ. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಅವರ ಕಾಲದಲ್ಲಿ, ಭರತ ಇಳಿತಗಳ ನಡುವಿನ ಒದ್ದೆ ಮರಳನ್ನು ಸಾರ್ವಜನಿಕ ಹೆದ್ದಾರಿ ಎಂದು ಸಾರುವ ಕಾನೂನು ಬಂತು. 1966ರಲ್ಲಿ ವಸತಿಗೃಹದ ಮಾಲೀಕನೊಬ್ಬ ಒಣಮರಳಿನ ಭಾಗಕ್ಕೆ ಬೇಲಿ ಹಾಕಿ, ತನ್ನ ಗಿರಾಕಿಗಳಿಗೆ ಮಾತ್ರ ಮೀಸಲೆಂದ. ಜನರು ಪ್ರತಿಭಟಿಸಿದರು. ಮರುವರ್ಷ, ಟಾಮ್ ಮೆಕಾಲ್ ಗವರ್ನರ್ ಆಗಿದ್ದಾಗ, ಗಿಡಗಂಟಿ ಬೆಳೆಯುವ ಗೆರೆಯವರೆಗಿನ ಒಣಮರಳಿನ ಮೇಲೂ ಸಾರ್ವಜನಿಕರಿಗೆ ಹಕ್ಕಿದೆ ಎಂಬ ಕಾನೂನು ಆಯಿತು. ಇದರ ಹಿಂದೆ ಇನ್ನೂ ಹಳೆಯ ಕಥೆಯಿದೆ. ಆ ನದಿಯ ಹೆಸರನ್ನು ಹೊತ್ತ ಕೊಕ್ವಿಲ್ ಮೂಲನಿವಾಸಿಗಳು ಈ ಅಳಿವೆಯ ಮೊದಲ ಮಕ್ಕಳು. ಅಮೆರಿಕದ ಸರ್ಕಾರ 1954ರಲ್ಲಿ ಅವರಿಗೆ ಬುಡಕಟ್ಟೆಂಬ ಮಾನ್ಯತೆಯನ್ನೇ ತೆಗೆದುಹಾಕಿತು; ಅವರು ಹೋರಾಡಿ 1989ರಲ್ಲಿ ಅದನ್ನು ಮರಳಿ ಪಡೆದರು. ಹೀಗೆ ನೋಡಿದರೆ ಅವರ ಹೊರತು ಇಲ್ಲಿರುವ ಎಲ್ಲರೂ ಅತಿಥಿಗಳೇ. ಕೆಲವರು ಮೊದಲು ಬಂದರು, ನಾವು ಆಮೇಲೆ ಬಂದೆವು.

ಅಳಿವೆಯ ಬಾಯಿಯಲ್ಲಿ 1896ರ ಒಂದು ದೀಪಸ್ತಂಭವಿದೆ. 1939ರಲ್ಲಿ ಅದರ ಕೆಲಸ ನಿಂತಿತು. ನಮ್ಮ ಕಾಪುವಿನ ದೀಪಸ್ತಂಭ 1901ರದು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು ಎಂದು ನಾನು ಮಕ್ಕಳಿಗೆ ಹೇಳುವಾಗ, ಭೂಮಿಯ ಇನ್ನೊಂದು ಬದಿಯಲ್ಲಿ ಇದರ ತಂಗಿ ಇನ್ನೂ ಬೆಳಕು ಕೊಡುತ್ತಿದ್ದಾಳೆಂದು ಅವರು ಬೆರಗಾಗುತ್ತಾರೆ. ಎದುರು ದಡದ ಬ್ಯಾಂಡನ್ ಪಟ್ಟಣದ ಬಗ್ಗೆಯೂ ಹೇಳುತ್ತೇನೆ. 1936ರ ಸೆಪ್ಟೆಂಬರ್ 26ರಂದು ಆ ಪಟ್ಟಣ ಬಹುಪಾಲು ಸುಟ್ಟುಹೋಯಿತು. ಯೂರೋಪಿನಿಂದ ತಂದು ನೆಟ್ಟ, ಹಳದಿ ಹೂವಿನ, ಎಣ್ಣೆಯಂಶ ತುಂಬಿದ ಮುಳ್ಳುಪೊದೆಯೊಂದು ಬೆಂಕಿಯನ್ನು ಮನೆಯಿಂದ ಮನೆಗೆ ಹೊತ್ತೊಯ್ದಿತ್ತು. ಈ ಕಥೆ ಕೇಳಿದವರು ತಮ್ಮ ಬೆಂಕಿಗೆ ನೀರು ಸುರಿಯದೆ ಮಲಗುವುದಿಲ್ಲ.

ಆತಿಥ್ಯವೆಂದರೆ ಸಿಹಿ ಮಾತು ಮಾತ್ರವಲ್ಲ, ಎಚ್ಚರಿಕೆಯೂ ಹೌದು. ಇಲ್ಲಿಯ ಕಡಲಿಗೆ ಬೆನ್ನು ತಿರುಗಿಸಿ ನಿಲ್ಲಬಾರದು. ಸಣ್ಣ ಅಲೆಗಳ ನಡುವೆ ಏಕಾಏಕಿ ಬಹಳ ಮೇಲಕ್ಕೆ ನುಗ್ಗುವ ಅಲೆಯೊಂದು ಬರುತ್ತದೆ. ದಡದಲ್ಲಿ ಬಿದ್ದಿರುವ ಭಾರಿ ಮರದ ದಿಮ್ಮಿಯನ್ನೂ ಅದು ಉರುಳಿಸಬಲ್ಲದು. ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ ಗುರುತಿಸಿದ ಕೆಲವು ಕಡೆ ಒಣಮರಳಿನಲ್ಲಿ ನಡೆಯುವಂತಿಲ್ಲ, ನಾಯಿಯನ್ನು ತರುವಂತಿಲ್ಲ. ಸ್ನೋವಿ ಪ್ಲವರ್ ಎಂಬ ಪುಟ್ಟ ಹಕ್ಕಿ ಬರಿಯ ಮರಳಿನ ಮೇಲೆಯೇ ಮೊಟ್ಟೆ ಇಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಭೂಕಂಪದ ಎಚ್ಚರಿಕೆ. 1700ರ ಜನವರಿ 26ರಂದು ಈ ತೀರದಾಚೆ ಸಂಭವಿಸಿದ ಮಹಾಭೂಕಂಪದ ಅಲೆ ಜಪಾನನ್ನೂ ತಲುಪಿತ್ತು. ಅದು ಮತ್ತೆ ಬರಬಹುದು. ನೆಲ ಬಹಳ ಹೊತ್ತು ನಡುಗಿದರೆ ಸೈರನ್ನಿಗೆ ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ ಎಂದು ಹೇಳುತ್ತೇವೆ. 2004ರ ಸುನಾಮಿಯನ್ನು ಕಂಡ ನಾಡಿನವರಾದ ನಮಗೆ ಅದು ಪುಸ್ತಕದ ಪಾಠವಲ್ಲ.

ಒಂದು ಜೂನ್ ತಿಂಗಳ ಸಂಜೆ, ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಒಬ್ಬರೇ ಮನೆವಾಹನ ಎಳೆದುಕೊಂಡು ಬಂದರು. ಅವರ ಪತಿ ತೀರಿಕೊಂಡು ಒಂದು ವರ್ಷವಾಗಿತ್ತು. ವಾಹನವನ್ನು ಹಿಮ್ಮುಖವಾಗಿ ನಡೆಸಿ ನಿವೇಶನದೊಳಗೆ ತರುವುದು ಯಾವಾಗಲೂ ಪತಿಯ ಕೆಲಸವಾಗಿತ್ತಂತೆ. ಇದು ಶಿಬಿರದ ಅತ್ಯಂತ ಕಠಿಣ ವಿದ್ಯೆ. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಹಿಂದಿನ ಮನೆ ಬಲಕ್ಕೆ ಹೋಗುತ್ತದೆ. ಆಕೆ ಮೂರು ಸಲ ಪ್ರಯತ್ನಿಸಿದರು. ನೆರೆಯವರು ಕುರ್ಚಿ ಹಾಕಿಕೊಂಡು ನೋಡತೊಡಗಿದರು. ನಾನೇ ಚಲಾಯಿಸಿಕೊಡಲು ಮುಂದೆ ಹೆಜ್ಜೆಯಿಟ್ಟಾಗ ನನ್ನ ಪತ್ನಿ ಕಣ್ಣಿನಲ್ಲೇ ತಡೆದಳು. ನೋಡುತ್ತಿದ್ದವರನ್ನು, ಸೌದೆಯ ಕಟ್ಟುಗಳನ್ನು ಇಳಿಸಲು ಕೈಜೋಡಿಸಿ ಎಂದು ಕರೆದು ನನ್ನೊಡನೆ ಕಳುಹಿಸಿದಳು. ಆಮೇಲೆ ವಾಹನದ ಹಿಂದೆ, ಕನ್ನಡಿಯಲ್ಲಿ ಕಾಣುವ ಕಡೆ ನಿಂತು, ಆಸ್ಪತ್ರೆಯಲ್ಲಿ ರೋಗಿಯನ್ನು ಮೊದಲ ಬಾರಿ ನಡೆಸುವ ದಾದಿಯ ತಾಳ್ಮೆಯಿಂದ ಕೈಸನ್ನೆ ಮಾಡುತ್ತಾ ಹೋದಳು. ನಾವು ಮರಳಿ ಬರುವಾಗ ಮನೆ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಆ ಮಹಿಳೆ ಚಕ್ರದ ಮೇಲೆ ಹಣೆಯಿಟ್ಟು ಅಳುತ್ತಿದ್ದರು. ನನ್ನಾಕೆ ಪಕ್ಕದಲ್ಲಿ ಏನೂ ಹೇಳದೆ ನಿಂತಿದ್ದಳು.

ನಾಲ್ಕು ದಿನಗಳ ಬಳಿಕ ಅವರು ಹೊರಟಾಗ, ಸಹಾಯ ಬೇಕೇ ಎಂದು ಕೇಳಿದೆವು. "ಹೊರಡುವುದು ಸುಲಭ, ಒಳಗೆ ಬರುವುದೇ ಕಷ್ಟ" ಎಂದು ನಕ್ಕು ಕೈಬೀಸಿದರು. ಊರು ಬಿಟ್ಟು ಪರನಾಡಿಗೆ ಬಂದವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ನಾವು ಈ ದೇಶಕ್ಕೆ ಬಂದಾಗ ಕನ್ನಡಿಯಲ್ಲಿ ಕಾಣುವಂತೆ ನಿಂತು ಕೈಸನ್ನೆ ಮಾಡಿದವರು ಹಲವರಿದ್ದರು. ಅವರಲ್ಲಿ ಅನೇಕರು ಈಗಿಲ್ಲ. ಅವರಿಗೆ ಋಣ ತೀರಿಸುವುದು ಸಾಧ್ಯವಿಲ್ಲ. ಅದನ್ನು ಮುಂದಿನವರಿಗೆ ದಾಟಿಸಬಹುದು, ಅಷ್ಟೆ.

ಅಣ್ಣ ಇತ್ತೀಚೆಗೆ ಇನ್ನೊಂದು ಪ್ರಶ್ನೆ ಕೇಳಿದರು. ತಂದೆಯ ಮನೆಯನ್ನು ಪಾಲು ಮಾಡುವ ಮಾತು ನಡೆಯುತ್ತಿದೆ. "ನಿನ್ನ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ?" ಎಂದರು. ಈ ಬಾರಿ ಅವರ ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ, ಆತಂಕವಿತ್ತು. ಪತ್ನಿಯ ಮೊಣಕಾಲುಗಳು ಸವೆದಿವೆ. ಮನೆವಾಹನದ ಮೂರು ಮೆಟ್ಟಿಲುಗಳನ್ನು ಅವಳು ಈಗ ಕಂಬಿ ಹಿಡಿದು ಏರುತ್ತಾಳೆ. ಹೆಚ್ಚೆಂದರೆ ಇನ್ನೆರಡು ಬೇಸಿಗೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಅನಂತರ ಮಗಳ ಊರಿನಲ್ಲಿ ನೆಲಮಟ್ಟದ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿಯಬೇಕು. ಚಕ್ರದ ಮನೆಯನ್ನು ಮಾರುವ ದಿನ ಸುಲಭದ ದಿನವಾಗಿರುವುದಿಲ್ಲ. "ಅಣ್ಣ, ಪಾಲಿನ ಕಾಗದಕ್ಕೆ ನೀವು ಹೇಳಿದ ಕಡೆ ಸಹಿ ಹಾಕುತ್ತೇನೆ. ಕೇಳಿದವರಿಗೆ, ಅವನು ಬಂದವರಿಗೆ ಬಾಗಿಲು ತೆರೆಯುವ ಕೆಲಸದಲ್ಲಿದ್ದಾನೆ, ಅದು ಎಲ್ಲಿದೆಯೋ ಅಲ್ಲಿ ಅವನ ಮನೆ ಎಂದು ಹೇಳಿ" ಎಂದೆ. "ಹಾಗಾದರೆ ನಾಳೆ ನಾನೂ ಬಂದರೆ ಜಾಗ ಇದೆಯೋ?" ಎಂದು ಕೇಳಿದರು. ಎಂಬತ್ತರ ಸಮೀಪದ ಅಣ್ಣ ಆ ಪಯಣ ಮಾಡಲಾರರೆಂದು ಇಬ್ಬರಿಗೂ ಗೊತ್ತಿತ್ತು.

ತಿಥಿಯನ್ನು ನೋಡದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಮುಪ್ಪೂ ಹಾಗೆಯೇ ಬರುವ ಅತಿಥಿ. ಅದನ್ನು ಬರಮಾಡಿಕೊಳ್ಳಲು ಅಧಿಕಾರವಾಗಲಿ, ದೊಡ್ಡ ಮನೆಯಾಗಲಿ ಬೇಕಿಲ್ಲ. ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಸಣ್ಣ ಕೆಲಸ ಕೈಯಲ್ಲಿದ್ದರೆ ಸಾಕು. ಪ್ರಿಯ ಓದುಗರೇ, ಇದಕ್ಕಾಗಿ ಪೆಸಿಫಿಕ್ ತೀರಕ್ಕೆ ಬರಬೇಕಾಗಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ಚೀಟಿ ಹಿಡಿದು ನಿಂತವರು ಇಂದೂ ಇದ್ದಾರೆ. ಬ್ಯಾಂಕಿನಲ್ಲಿ ಅರ್ಜಿ ತುಂಬಲು ಬಾರದೆ ಮುಖ ಮುಖ ನೋಡುವವರಿದ್ದಾರೆ. ಅವರ ಮುಂದೆ, ಅವರಿಗೆ ಕಾಣುವಂತೆ, ಒಬ್ಬರು ನಿಲ್ಲಬೇಕಾಗಿದೆ. ಅದಕ್ಕೆ ಬೇಕಾದ ಸಮಯ ನಿವೃತ್ತರ ಬಳಿಯಷ್ಟು ಬೇರೆ ಯಾರ ಬಳಿಯಿದೆ?