ಈಜಿಪುರ ಕ್ವಾರ್ಟರ್ಸ್‌ನ ಅಕ್ಕಂದಿರಿಗೆ

ಅಕ್ಕಂದಿರೇ,

ನೀವೀಗ ಎಲ್ಲೆಲ್ಲಿದ್ದೀರೋ ಗೊತ್ತಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿಗಳು ನಿಮ್ಮ ತಗಡಿನ ಶೆಡ್ಡುಗಳನ್ನು ನೆಲಸಮ ಮಾಡಿದವು. ಮಕ್ಕಳ ವಾರ್ಷಿಕ ಪರೀಕ್ಷೆಯೂ ಮುಗಿದಿರಲಿಲ್ಲ. ಅಷ್ಟು ದಿನವಾದರೂ ತಡೆಯಬಹುದಿತ್ತು! ಆ ಶೆಡ್ಡಿಗಾದರೂ ನೀವು ಆಸೆಪಟ್ಟು ಬಂದವರೇ? ಬಡವರಿಗೆಂದು ಪಾಲಿಕೆಯೇ ಅಲ್ಲಿ 1,512 ಮನೆ ಕಟ್ಟಿಸಿತ್ತು. ಕಟ್ಟಡ ಕುಸಿಯಿತು, ಉಳಿದವನ್ನೂ ಕೆಡವಿದರು, ತಾತ್ಕಾಲಿಕವೆಂದು ತಗಡು ಹೊದಿಸಿದರು. ಕಟ್ಟಿದವರ ತಪ್ಪಿಗೆ ವಾಸವಿದ್ದವರು ಬೀದಿಗೆ ಬಿದ್ದರು.

ಅಷ್ಟರಲ್ಲಿ ಈಜಿಪುರವೂ ಸೇರಿದ ಕೋರಮಂಗಲದ ನೆಲಕ್ಕೆ ಬಂಗಾರದ ಬೆಲೆ ಬಂದಿತ್ತು. ಕ್ವಾರ್ಟರ್ಸ್ ಇದ್ದ ಸುಮಾರು 15 ಎಕರೆಯಲ್ಲಿ ಅರ್ಧದಷ್ಟು ಖಾಸಗಿ ಕಂಪನಿಯ ಮಾಲ್‌ಗೆ, ಉಳಿದರ್ಧದಲ್ಲಿ ಬಡವರಿಗೆ ಮನೆ ಎಂದು ಒಪ್ಪಂದವಾಯಿತು. ಯಾವ ಬಡವರಿಗೆ? ಮೂಲ ಹಂಚಿಕೆದಾರರಿಗೆ. ಹಂಚಿಕೆಯಾದ ಮೇಲಿನ ಇಷ್ಟು ವರ್ಷಗಳಲ್ಲಿ ಎಷ್ಟು ಮನೆ ಕೈ ಬದಲಾಗಿರಬೇಕು, ಎಷ್ಟು ಜನ ಬಾಡಿಗೆಗೆ ಬಂದಿರಬೇಕು! ಹಂಚಿಕೆ ಪತ್ರ ಒಬ್ಬರ ಬಳಿ, ಮಳೆಗೆ ಸೋರುವ ಸೂರು ಇನ್ನೊಬ್ಬರ ತಲೆಮೇಲೆ. ಜೆಸಿಬಿ ಬರುವ ಮೊದಲೇ ನಿಮ್ಮಲ್ಲಿ ಅನೇಕರು ಲೆಕ್ಕದಿಂದ ಹೊರಗೆ ಬಿದ್ದಿದ್ದಿರಿ.

ಸರ್ಜಾಪುರ ರಸ್ತೆಯಾಚೆ ಸೂಲಿಕುಂಟೆಯಲ್ಲಿ ಮನೆ ಕೊಡುತ್ತೇವೆಂದರು. ಕೋರಮಂಗಲದ ಅಡುಗೆಮನೆಗಳಲ್ಲಿ ದುಡಿಯುವವರಿಗೆ ಸೂಲಿಕುಂಟೆ! ಮನೆಗೆಲಸದ ಲೆಕ್ಕ ನಡೆದು ಹೋಗುವ ದೂರದ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಒಂದು ಮನೆಯ ಪಾತ್ರೆ, ಇನ್ನೊಂದು ಮನೆಯ ಕಸ ಮುಸುರೆ. ನಡುವೆ ಓಡಿ ಬಂದು ನೀರು ಹಿಡಿದು, ಮಗುವಿಗೆ ಉಣಿಸಿ, ಮತ್ತೆ ಮೂರನೇ ಮನೆ. ಹತ್ತಾರು ಕಿಲೋಮೀಟರ್ ಬಸ್ಸು ಹಿಡಿದರೆ ಎರಡು ಮನೆ ಕೈಬಿಡಬೇಕು, ಉಳಿದ ಸಂಬಳದಲ್ಲಿ ಬಸ್ ಚಾರ್ಜು ಕಳೆಯಬೇಕು. ಇದನ್ನು ಲೆಕ್ಕ ಹಾಕದೆ ಕೊಟ್ಟ ಮನೆಯನ್ನು ಪುನರ್ವಸತಿ ಎನ್ನಲು ನನಗೆ ಮನಸ್ಸಿಲ್ಲ. ನಿಮ್ಮಲ್ಲಿ ಕೆಲವರು ಈಜಿಪುರದ ಅದೇ ಜಾಗದ ಪಕ್ಕದ ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಉಳಿದದ್ದು ಹಟಕ್ಕಲ್ಲ, ಕೂಲಿಗಾಗಿ, ಮಕ್ಕಳ ಶಾಲೆಗಾಗಿ.

ಬಾಡಿಗೆಗೆ ಇದ್ದವರಿಗೂ ಆ ನೆಲದ ಮೇಲೆ ಹಕ್ಕಿದೆ ಎಂದೇ ನಾನು ನಂಬಿದ್ದೇನೆ. ಅಲ್ಲಿ ಬದುಕಿದ್ದೇ ಆ ಹಕ್ಕಿಗೆ ಆಧಾರವಾಗಬೇಕು. ಅದಕ್ಕೇ ಹಳೇ ರೇಷನ್ ಕಾರ್ಡು, ಮಕ್ಕಳ ಶಾಲೆಯ ಟಿ.ಸಿ., ವೋಟರ್ ಐಡಿ, ಆ ವಿಳಾಸವಿರುವ ಯಾವ ಕಾಗದವಿದ್ದರೂ ಜೋಪಾನ ಮಾಡಿ ಅಕ್ಕ. ಜಿರಾಕ್ಸ್ ಕೇಳಿದರೆ ಕೊಡಿ, ಅಸಲನ್ನು ಯಾರ ಕೈಗೂ ಕೊಡಬೇಡಿ.