ಬೀಗರು ಬೆರೆಯುವ ಬಗೆ

ಬೀಗರನ್ನು ಊಟಕ್ಕೆ ಕರೆಯುವುದು ಸುಲಭ. ಎಲೆ ಹಾಕುವವರೆಗಿನ ಒಂದು ಗಂಟೆಯನ್ನು ಸಾಗಿಸುವುದು ಕಷ್ಟ. ಪಾನಕ ಕೊಟ್ಟಾಯಿತು, ಪ್ರಯಾಣದ ವಿಚಾರ ಕೇಳಿಯಾಯಿತು, ಸೆಕೆಯನ್ನು ಎರಡು ಕಡೆಯವರೂ ಸೇರಿ ಬೈದದ್ದೂ ಆಯಿತು. ಆಮೇಲೆ ಮೌನವೊಂದು ಬಂದು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಡುತ್ತದೆ.

ಬೆಂಗಳೂರಿನ ಮನೆಯೊಂದರಲ್ಲಿ ಹೆಣ್ಣಿನ ತಾಯಿಯನ್ನು ಕಾಡುತ್ತಿದ್ದುದು ಈ ಮೌನದ ಭಯವೇ. ಹೆಣ್ಣಿನ ಕಡೆಯವರು ಮೈಸೂರಿನವರು, ಗಂಡಿನ ಕಡೆಯವರು ಧಾರವಾಡದವರು. ನಿಶ್ಚಿತಾರ್ಥದ ದಿನ ಕಾಫಿಯವರು ಈ ಗೋಡೆಗೆ, ಚಹಾದವರು ಆ ಗೋಡೆಗೆ ಒರಗಿ ಕುಳಿತಿದ್ದರು. ನಡುವಣ ಜಮಖಾನೆ ತುಂಗಭದ್ರೆಯಂತೆ ಹರಡಿಕೊಂಡಿತ್ತು. ಈ ಸಲ ಹಾಗಾಗಬಾರದೆಂದು ಆಕೆ ರಾತ್ರಿ ಕಾಗದ ಪೆನ್ಸಿಲು ಹಿಡಿದು, ಆಡಿಸಬಹುದಾದ ಆಟಗಳ ಪಟ್ಟಿ ಮಾಡಲು ಕುಳಿತರು.

ಹಿಂದಿನವರು ಇದಕ್ಕೆ ಉಪಾಯ ಮಾಡಿರಲಿಲ್ಲವೆಂದಲ್ಲ. ಮದುವೆಗಳು ಐದು ದಿನ ನಡೆಯುತ್ತಿದ್ದ ಕಾಲದಲ್ಲಿ ಉರುಟಣೆಯಿತ್ತು. ವಧೂವರರು ಹೂವಿನ ಚೆಂಡು ಎಸೆದಾಡುವರು, ಒಬ್ಬರಿಗೊಬ್ಬರು ಅರಿಸಿನ ಹಚ್ಚುವರು, ತಲೆಯ ಮೇಲೆ ಹಪ್ಪಳ ಮುರಿಯುವರು. 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ವರ್ಷಗಳ ಎಲ್ಲೆ ಹಾಕುವ ಮುನ್ನ, ಹಾಗೆ ಕುಳಿತವರು ನಿಜಕ್ಕೂ ಆಟದ ವಯಸ್ಸಿನ ಮಕ್ಕಳೇ ಆಗಿರುತ್ತಿದ್ದುದುಂಟು. ಎಲ್ಲರ ಕಣ್ಣೂ ಆ ಇಬ್ಬರ ಮೇಲಿರುವಾಗ, ಸುತ್ತ ನೆರೆದ ಅತ್ತೆ ಮಾವಂದಿರು ಸಂಕೋಚವಿಲ್ಲದೆ ಒಟ್ಟಿಗೆ ನಗುತ್ತಿದ್ದರು. ಈಗಲೋ ಹುಡುಗ ಹುಡುಗಿಗೆ ಕಚೇರಿಯಲ್ಲಿ ಎರಡು ವರ್ಷದ ಪರಿಚಯ. ಅಪರಿಚಿತರಾಗಿ ಉಳಿದವರು ಹಿರಿಯರು. ಪಾಪ, ಅವರಿಗೆ ಉರುಟಣೆ ಮಾಡಿಸುವವರಾರು?

ಪಟ್ಟಿಯಲ್ಲಿ ಮೊದಲು ಬಂದದ್ದು ತಂಬೋಲ. 90 ಅಂಕಿಗಳಲ್ಲಿ 15 ಒಬ್ಬೊಬ್ಬರ ಚೀಟಿಯಲ್ಲಿರುತ್ತವೆ. ಕಿವಿ ಕೂಗುವವನ ಕಡೆ, ಕಣ್ಣು ಚೀಟಿಯ ಮೇಲೆ, ಪಕ್ಕದವರು ಕೆಮ್ಮಿದರೂ ಸಿಟ್ಟು. ಅಷ್ಟು ಜನ ಸೇರಿ ಒಂಟಿಯಾಗಿರಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕುರ್ಚಿಯಾಟಕ್ಕೆ ಮಂಡಿನೋವಿನವರೇ ಹೆಚ್ಚು. ಅಂತ್ಯಾಕ್ಷರಿಗೆ ಎರಡು ಪಕ್ಷ ಬೇಕು. ಪಕ್ಷಗಳು ಆಗಲೇ ಎರಡಿದ್ದವು, ಅದೇ ತೊಂದರೆ.

ಕಡೆಗೆ ಆಕೆಗೆ ಒಡಪು ನೆನಪಾಯಿತು. ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಆ ವಿನೋದ ಧಾರವಾಡದವರಿಗೆ ಬಲು ಪ್ರಿಯವೆಂದು ಕೇಳಿದ್ದರು. ಸಂತೋಷದಿಂದ ಬರೆದುಕೊಳ್ಳುತ್ತಿದ್ದಾಗ ಮಗಳು ಹಿಂದಿನಿಂದ ಇಣುಕಿ, “ಅಮ್ಮಾ, ಅವರ ಸೋದರತ್ತೆಯೂ ಬರುತ್ತಾರೆ” ಎಂದಳು, ಅಷ್ಟೆ.

ಆ ಸೋದರತ್ತೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವರು. ತಾಯಿಯ ಪೆನ್ಸಿಲು ನಿಂತಿತು. ಒಡಪಿನ ಸರದಿ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಎಷ್ಟು ಮನೆಗಳಲ್ಲಿ ಯಾರೋ ಒಬ್ಬಾಕೆಗೆ ಅಡಿಗೆಮನೆಯ ಕೆಲಸ ನೆನಪಾಗಿದೆಯೋ! ನಗುತ್ತ ಕುಳಿತವರು ಅದನ್ನು ಲೆಕ್ಕವಿಟ್ಟವರಲ್ಲ. ಆಕೆ ಆ ಸಾಲನ್ನು ಹೊಡೆದುಹಾಕಿದರು.

ಉಳಿದದ್ದು ಗಾದೆ. 13 ಗಾದೆಗಳನ್ನು ಬರೆದು, ಒಂದೊಂದನ್ನೂ ನಡುವೆ ಕತ್ತರಿಸಿದರು: ಮೊದಲರ್ಧ ಮೈಸೂರಿನವರ ತಟ್ಟೆಗೆ, ಉಳಿದರ್ಧ ಧಾರವಾಡದವರ ತಟ್ಟೆಗೆ. ಜೋಡಿ ಸಿಕ್ಕಿದವರು ಊಟಕ್ಕೆ ಅಕ್ಕಪಕ್ಕ ಕುಳಿತುಕೊಳ್ಳಬೇಕು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬುದನ್ನು ಮಾತ್ರ ದೂರಾಲೋಚನೆಯಿಂದ ತೆಗೆದು ಸಾಸಿವೆ ಡಬ್ಬಿಯ ಹಿಂದೆ ಇಟ್ಟರು.

ಆ ದಿನ ಎಲ್ಲವೂ ಸರಾಗವಾಗಿ ನಡೆಯಿತೆನ್ನುವಂತಿಲ್ಲ. ಗಂಡಿನ ದೊಡ್ಡಪ್ಪನವರು ಚೀಟಿಯನ್ನು ಓದದೆಯೇ ಜೇಬಿಗೆ ಸೇರಿಸಿದರು. ‘ಕುಂಬಾರನಿಗೆ ವರುಷ’ ಬಂದಿದ್ದ ನಿವೃತ್ತ ಲೆಕ್ಕಾಧಿಕಾರಿಗಳೊಬ್ಬರು ದೊಣ್ಣೆಯನ್ನು ಹುಡುಕುತ್ತ ಇಡೀ ಮನೆ ತಿರುಗಿ, ಕೊನೆಗೆ ಅದನ್ನು ಆ ಜೇಬಿನಲ್ಲೇ ಕಂಡುಹಿಡಿದರು. ಕೂಸು ಹುಟ್ಟುವ ಮುನ್ನ ಹೊಲಿಸಿದ್ದು ಕುಲಾವಿಯೋ ಕುಂಚಿಗೆಯೋ ಎಂದು ಇಬ್ಬರು ಹೆಂಗಸರಲ್ಲಿ ವಾದ ಹತ್ತಿತು. ಆಟಕ್ಕಿಂತ ಆ ವಾದದಿಂದಲೇ ಹೆಚ್ಚು ಉಪಕಾರವಾಯಿತು, ಏಕೆಂದರೆ ಸಾಕ್ಷಿ ಹೇಳಲು ಎರಡು ಗೋಡೆಗಳ ಕಡೆಯಿಂದಲೂ ಜನ ಎದ್ದು ಬಂದರು.

ಸೋದರತ್ತೆಯ ಚೀಟಿಯಲ್ಲಿದ್ದುದು ‘ಮೌನ ಬಂಗಾರ’. ‘ಮಾತು ಬೆಳ್ಳಿ’ ಹೋದದ್ದು ಹುಡುಗಿಯ ಅಜ್ಜಿಗೆ. ಅಜ್ಜಿಗೆ ಕಿವಿ ಮಂದ. ಆದುದರಿಂದ ಮೌನ ಬಂಗಾರದವರು ಊಟ ಮುಗಿಯುವವರೆಗೂ ಹುಡುಗನ ಬಾಲ್ಯದ ತುಂಟಾಟಗಳನ್ನು ಕೂಗಿ ಕೂಗಿ ಹೇಳಬೇಕಾಯಿತು. ಪಂಕ್ತಿಯೆಲ್ಲ ಕೇಳಿತು. ಹುಡುಗ ತಲೆಯೆತ್ತಲಿಲ್ಲ.

ಕೈ ತೊಳೆದು ಬಂದ ಮೇಲೆ ಆಕೆ ಮನೆಯೊಡತಿಯನ್ನು ಹಿಡಿದು ಕೇಳಿದರು: “ಎಲ್ಲಾ ಗಾದಿ ಬಂದುವು, ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಎಲ್ಲಿ ಹೋತ್ರೀ ಬೀಗಿತ್ತಿ? ತಗದಿಟ್ಟೀರೇನು?”

ಕಳ್ಳತನ ಸಿಕ್ಕಿಬಿದ್ದಿತ್ತು. ಸಾಸಿವೆ ಡಬ್ಬಿಯ ಹಿಂದಿನಿಂದ ಎರಡು ಚೂರುಗಳೂ ಹೊರಬಂದವು. ಸೋದರತ್ತೆ ಒಂದನ್ನು ಮದುಮಗಳ ಅಂಗೈಗೆ ಇಟ್ಟು, ಇನ್ನೊಂದನ್ನು ಮಡಿಸಿ ತಮ್ಮ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡರು.